ಬೋರಲಿಂಗ ಹಲ್ಲುಜ್ಜಿದ್ದು

ಬಾಯಲ್ಲಿ ಎಲೆಅಡಿಕೆ ಇರೋರು ಆಚೆ ಹೋಗಿ ಉಗಿದು ಬನ್ನಿ. ಹೊಗೆಸೊಪ್ಪು ಇರೋರು ಹಂಗೇ ಬಾಯಿ ಮುಕ್ಕಳಿಸ್ಕೊಂಡೂ ಬನ್ನಿ. ಇದು ಹಲ್ಲಿನ ಕತೆ. ನೀವು ನಕ್ಕಾಗ ನಿಮ್ಮ ಹಲ್ಲು ನನಗೆ ಕಾಣುತ್ತೆ, ಆಮೇಲೆ ನಾನೇನಾದ್ರೂ ಅಂದೆ ಅಂತ ಬೇಜಾರು ಮಾಡ್ಕೋಬೇಡಿ.

ಬೆಣಚಿಪಾಳ್ಯ ಅಂತ ಒಂದೂರು. ಅಲ್ಲಿ ಮಾಳಮ್ಮ ಅಂತ ಒಬ್ಬಳು. ಗಂಡ ಇಲ್ಲ. ಇದ್ದೋನು ಒಬ್ಬನೇ ಮಗ, ಬೋರಲಿಂಗ. ಆಳು ನೋಡಿದ್ರೆ ಕಂಬ ಇದ್ದಂಗೆ. ಬುದ್ಧಿ ನೋಡಿದ್ರೆ ಅದೂ ಕಂಬ ಇದ್ದಂಗೇ. "ಹಾಲು ನೋಡ್ಕೋ" ಅಂತ ಹೇಳಿ ಅವ್ವ ನೀರಿಗೆ ಹೋದ್ರೆ, ಹಾಲು ಉಕ್ಕಿ ಉಕ್ಕಿ ಒಲೆ ಆರೋವರೆಗೂ ನೋಡ್ತಾ ನಿಂತಿರೋನು. "ನೋಡ್ದೆ ಕಣವ್ವಾ, ಒಂದು ತೊಟ್ಟೂ ಬಿಡದಂಗೆ ನೋಡ್ದೆ" ಅನ್ನೋನು.

ಮಾಳಮ್ಮನಿಗೋ, ಊರಲ್ಲಿ ಬುದ್ಧಿ ಇರೋಳು ತಾನೊಬ್ಬಳೇ ಅಂತ ನಂಬಿಕೆ. ದವಡೇಲಿ ಸದಾ ಒಂದು ಉಂಡೆ ಹೊಗೆಸೊಪ್ಪು. ಅದನ್ನ ಆ ಕಡೆಯಿಂದ ಈ ಕಡೆಗೆ ಹೊರಳಿಸ್ಕೊಂಡು ಊರೋರನ್ನೆಲ್ಲ ಬಯ್ಯೋಳು, ಉಸಿರಿಗೊಂದು ಸಲ ಮಗನ್ನ ಬಯ್ಯೋಳು.

ಮಗನಿಗೆ ವಯಸ್ಸಾಯ್ತು, ಹೆಣ್ಣು ಸಿಕ್ತಿಲ್ಲ. ಪೆದ್ದ ಅಂತ ಸಿಗದೇ ಇದ್ದದ್ದಲ್ಲ, ಪೆದ್ದರಿಗೆ ಹೆಣ್ಣು ಕೊಡೋರು ಬೇಕಾದಷ್ಟು ಜನ ಅವ್ರೆ. ಇವನ ಬಾಯಿ ನಾರ್ತಿತ್ತು. ಹೆಣ್ಣಿನ ಕಡೆಯೋರು ಬಂದು ಕೂತ್ರೆ ಮೂಗಿಗೆ ಟವಲ್ಲು ಹಿಡ್ಕೊಂಡೇ ಕಾಫಿ ಕುಡಿಯೋರು.

ಕೊನೆಗೆ ಮರಡಿಪುರದ ಮುದ್ದೀರಪ್ಪ ಅನ್ನೋನು ತನ್ನ ಮಗಳಿಗೆ ಗಂಡು ನೋಡೋಕೆ ಬರ್ತೀನಿ ಅಂತ ಹೇಳಿ ಕಳಿಸಿದ. ಅದೇ ಹೊತ್ತಿಗೆ ಬೋರಲಿಂಗ ಜಗಲಿ ಮೇಲೆ ಕೂತು ಕಬ್ಬು ತಿಂತಾ ಇದ್ದ. ಕಚ್ಚಿದ್ದ ಜಾಗವೆಲ್ಲ ಕೆಂಪು!

"ಅವ್ವಾ! ಬಾರವ್ವಾ! ಕಬ್ಬಿಗೆ ಗಾಯ ಆಗ್ಯದೆ!"

ಮಾಳಮ್ಮ ಬಂದು ನೋಡ್ತಾಳೆ, ಮಗ ಕಬ್ಬಿಗೆ ಅರಿಸಿನ ಹಚ್ಚಿ ಬಟ್ಟೆ ಕಟ್ತಾ ಅವ್ನೆ!

"ಅಯ್ಯೋ ಬೆಪ್ಪೇ! ರಕ್ತ ಕಬ್ಬಿಂದಲ್ಲ ಕಣೋ, ನಿನ್ನ ಒಸಡಿಂದು! ಹುಟ್ಟಿದಾಗಿಂದ ಹಲ್ಲಿಗೊಂದು ಕಡ್ಡಿ ಮುಟ್ಟಿಸಿದ್ರೆ ತಾನೆ! ನಾಳೆ ಎದ್ದ ತಕ್ಷಣ ಹಲ್ಲುಜ್ಜು. ಒಂದು ಹಲ್ಲೂ ಬಿಡಬೇಡ!"

"ಆಯ್ತವ್ವಾ."

ಬೆಳಗಾಯ್ತು. ಎದ್ದ. ಬಾಚಣಿಗೆ ಹಲ್ಲುಜ್ಜಿದ. ಗರಗಸದ ಹಲ್ಲುಜ್ಜಿದ. ಹೊಲ ಹರಗೋ ಹಲುಬೆ ಇತ್ತಲ್ಲ, ಸಾಲು ಹಲ್ಲಿನ ಹಲುಬೆ, ಅದನ್ನ ಅಂಗಳಕ್ಕೆ ಎಳ್ಕೊಂಡು ಬಂದು, ಬೂದಿ ಹಾಕಿ, ಒಂದೊಂದೇ ಹಲ್ಲು ತಿಕ್ಕಿದ. ಅದೂ ಮುಗೀತು. ಪಕ್ಕದ ಮನೆ ಹಲುಬೇನೂ ಎಳ್ಕೊಂಡು ಬಂದ.

"ಇದೇನೋ ಇದು, ಮುಂಡೇದೇ!"

"ಹೇಳಿದ್ದು ಮಾಡ್ದೆ ಕಣವ್ವಾ! ಒಂದು ಹಲ್ಲೂ ಬಿಟ್ಟಿಲ್ಲ!"

"ಮರದ ಹಲ್ಲಲ್ಲ ಕಣೋ, ಬಾಯೊಳಗಿನ ಹಲ್ಲು! ಬಾಯೊಳಗೆ ಕೈ ಹಾಕಿ ಉಜ್ಜಬೇಕು! ತಿಳೀತಾ?"

"ತಿಳೀತವ್ವಾ."

ಮಾರನೇ ದಿನ ಕೊಟ್ಟಿಗೆಗೆ ಹೋದ. ಎಮ್ಮೆ ಬಾಯಿ ಅಗಲಿಸಿದ. ಕೈ ಹಾಕಿದ. ಕೆಳಗಿನ ಹಲ್ಲು ಉಜ್ಜಿದ. ಮೇಲಿನ ಹಲ್ಲು ಹುಡುಕಿದ. ಮುಂದ್ಗಡೆ ಮೇಲೆ ಒಂದು ಹಲ್ಲೂ ಇಲ್ಲ! ಎಮ್ಮೆಗೆ ಅಲ್ಲಿ ಹಲ್ಲೇ ಇರಲ್ಲ ಅಂತ ಕೈಗೂಸಿಗೂ ಗೊತ್ತು, ಇವನಿಗೆ ಗೊತ್ತಾಗಬೇಕಲ್ಲ! ಎಮ್ಮೆ ಮಾರಿದ್ದ ಅಡವಪ್ಪನ ಮನೆಗೆ ಓಡಿದ. ಅಡವಪ್ಪನ ಕತ್ತಿನ ಪಟ್ಟಿ ಹಿಡ್ಕೊಂಡ.

"ಕಳ್ಳ! ಹಲ್ಲು ಕಿತ್ಕೊಂಡು ಎಮ್ಮೆ ಮಾರಿದ್ದೀಯ! ಎಲ್ಲಿ ಮಡಗಿದ್ದೀಯ ಹೇಳು!"

ಅಡವಪ್ಪ ಮೊದಲು ನಕ್ಕ, ಆಮೇಲೆ ಎರಡು ಬಾರಿಸಿದ. ಎಮ್ಮೆ ಆಗಲೇ ಒದ್ದಿತ್ತು. ಎರಡು ಕಡೆ ಒದೆ ತಿಂದು ಬಂದ ಮಗನ್ನ ನೋಡಿ ಮಾಳಮ್ಮ ಹಣೆ ಚಚ್ಚಿಕೊಂಡ್ಲು.

"ನಿನ್ನ ಬಾಯಿ ಕಣೋ! ನಿನ್ನ ಹಲ್ಲು ಕಣೋ! ನಾನು ತಾಮ್ರದ ಚೊಂಬು ಬೆಳಗಲ್ವಾ? ಹಂಗೆ ಬೆಳಗು! ಫಳಫಳ ಅನ್ನಬೇಕು!"

ಈ ಸಲ ಯಾವ ಬಾಯಿ, ಯಾವ ಹಲ್ಲು ಅನ್ನೋದರಲ್ಲಿ ತಪ್ಪು ಮಾಡಲಿಲ್ಲ. ತೆಂಗಿನ ನಾರು ತಗೊಂಡ. ಹುಣಸೆಹಣ್ಣು ತಗೊಂಡ. ಇಟ್ಟಿಗೆ ಕುಟ್ಟಿ ಪುಡಿ ಮಾಡ್ಕೊಂಡ. ಬಾಯಿಗೆ ಹಾಕಿ ಗರಗರ ತಿಕ್ಕಿದ. ಒಸಡು ಕಿತ್ತು ಬಂತು, ರಕ್ತ ಬಂತು, ಕಣ್ಣಲ್ಲಿ ನೀರು ಬಂತು. ಬಿಡಲಿಲ್ಲ. ಬೆಳಗಿದ ಪಾತ್ರೇನ ಅವ್ವ ಬಿಸಿಲಿಗೆ ಬೋರಲು ಹಾಕೋಳಲ್ಲ, ಅದಕ್ಕೆ ತಾನೂ ಹೋಗಿ ಬಿಸಿಲಲ್ಲಿ ಬಾಯಿ ಕೆಳಗೆ ಮಾಡ್ಕೊಂಡು ಬೋರಲು ಬಿದ್ಕೊಂಡ.

ಸಂಜೆ ಹೊತ್ತಿಗೆ ಬಾಯಿ ಕುಂಬಳಕಾಯಿ ಆಗಿತ್ತು. ಮಾಳಮ್ಮ ಬಯ್ಯೋಕೆ ಬಾಯಿ ತೆಗೆದೋಳು ಸುಮ್ಮನಾದ್ಲು. ಚೊಂಬಿನ ಮಾತು ಹೇಳಿದ್ದು ತಾನೇ ಅಲ್ವಾ! ಮಾರನೇ ದಿನ ತಾಲ್ಲೂಕಿನ ಹಲ್ಲಿನ ಡಾಕ್ಟ್ರಮ್ಮನ ಹತ್ರ ಕರ್ಕೊಂಡು ಹೋದ್ಲು.

ಡಾಕ್ಟ್ರಮ್ಮ ಸಣ್ಣ ವಯಸ್ಸಿನೋಳು, ಮಾತು ಮಾತ್ರ ಕಾರ. ಬಾಯೊಳಗೆ ದೀಪ ಬಿಟ್ಟು ನೋಡಿದ್ಲು.

"ಯಾರು ಇವನಿಗೆ ಹೀಗೆ ಉಜ್ಜೋಕೆ ಹೇಳಿದ್ದು?"

ಮಾಳಮ್ಮ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದ್ಲು.

"ಕೇಳಿ ಇಲ್ಲಿ. ತಿಂದಿದ್ದು ಹಲ್ಲಿನ ಬುಡದಲ್ಲಿ ಉಳಿಯುತ್ತೆ. ಅಲ್ಲಿ ಕಣ್ಣಿಗೆ ಕಾಣದ ಕ್ರಿಮಿ ಬೆಳೆದು ಅಂಟಂಟಾಗಿ ಪಾಚಿ ಕಟ್ಟುತ್ತೆ. ದಿನಾ ಉಜ್ಜಿದ್ರೆ ಹೋಗುತ್ತೆ. ಬಿಟ್ರೆ ಗಾರೆ ಥರ ಗಟ್ಟಿಯಾಗುತ್ತೆ. ಆಮೇಲೆ ನೀವು ಇಟ್ಟಿಗೆ ಅಲ್ಲ, ಬಂಡೆ ಹಾಕಿ ಉಜ್ಜಿದ್ರೂ ಹೋಗಲ್ಲ, ನಾವೇ ಕೆರೆದು ತೆಗೀಬೇಕು. ಅದರಿಂದಾನೇ ಒಸಡು ಊದೋದು, ರಕ್ತ ಬರೋದು. ಇನ್ನೂ ಬಿಟ್ರೆ ಒಸಡು ಹಲ್ಲಿಂದ ಬಿಟ್ಕೊಂಡು ಜೇಬಿನ ಥರ ಸಂದಾಗುತ್ತೆ, ಒಳಗೆ ಮೂಳೆ ಕರಗುತ್ತೆ. ಹುಳುಕೇ ಇಲ್ಲದ ಹಲ್ಲು ಅಲ್ಲಾಡಿ ಅಲ್ಲಾಡಿ ಕೈಗೆ ಬರುತ್ತೆ."

ಬೋರಲಿಂಗ ಕಣ್ಣು ಮಿಟುಕಿಸದೆ ಕೇಳಿದ.

"ನಿನಗೆ ಆಗಲೇ ಅಲ್ಲಲ್ಲಿ ಜೇಬಾಗಿದೆ ಕಣಪ್ಪ. ಈಗ ಗಾಯ ಇದೆ, ಮಾಯಲಿ. ಆಮೇಲೆ ಬಾ, ಕ್ಲೀನ್ ಮಾಡ್ತೀನಿ. ಅಲ್ಲೀವರೆಗೂ ಉಪ್ಪುನೀರಲ್ಲಿ ಮುಕ್ಕಳಿಸು. ಜೇಬಲ್ಲಿ ಏನೂ ಸೇರಬಾರ್ದು. ಖಾಲಿ ಇರಬೇಕು. ತಿಳೀತಾ?"

"ತಿಳೀತು ಡಾಕ್ಟ್ರಮ್ಮಾ."

ಬಸ್ಸು ಹತ್ತಿದ್ರು. ಮಾಳಮ್ಮ ಕಿಟಕಿಗೆ ಒರಗಿ ತೂಕಡಿಸಿದ್ಲು. ಎಚ್ಚರ ಆದಾಗ ಕಂಡಕ್ಟರ್ ಕೂಗ್ತಾ ಇದ್ದ. ಬೋರಲಿಂಗ ಅಂಗಿ ಜೇಬು ಹೊರಗೆ ತಿರುಗಿಸ್ಕೊಂಡು ಕೂತಿದ್ದ. ಟಿಕೇಟು ಇಲ್ಲ. ಮಾತ್ರೆ ಚೀಟಿ ಇಲ್ಲ. ಮನೆ ಬೀಗದ ಕೈ ಇಲ್ಲ!

"ಎಲ್ಲೋ ಅವು?"

"ಕಿಟಕೀಲಿ ಹಾಕ್ದೆ ಕಣವ್ವಾ. ಜೇಬು ಖಾಲಿ ಇರಬೇಕಂತಲ್ಲ. ಇಲ್ದಿದ್ರೆ ಮೂಳೆ ಕರಗುತ್ತಂತೆ."

ಕಂಡಕ್ಟರ್ ನಡುದಾರೀಲೇ ಇಳಿಸಿದ. ಬಿಸಿಲಲ್ಲಿ ನಡೀತಾ ಮಾಳಮ್ಮ ಬಯ್ದ ಬೈಗುಳಕ್ಕೆ ದಾರಿಬದಿ ಬೇಲಿಯೂ ಒಣಗಬೇಕು. ಮನೆ ಮುಂದೆ ನಿಂತು ಕಲ್ಲಲ್ಲಿ ಬೀಗ ಒಡೀತಾ ಒಡೀತಾ ಹೇಳಿದ್ಲು:

"ಇನ್ಮೇಲೆ ಏನು ಕೊಟ್ರೂ ಭದ್ರವಾಗಿ ಇಟ್ಕೋ! ನಾನು ಹೇಳೋವರೆಗೂ ಹೊರಗೆ ಹಾಕಬೇಡ! ಹಾಕಿದ್ಯೋ, ಕಾಲು ಮುರಿತೀನಿ!"

"ಆಯ್ತವ್ವಾ."

ಮುದ್ದೀರಪ್ಪ ಬರೋ ದಿನ ಬಂತು. ಬೆಳಗ್ಗೆ ಮಾಳಮ್ಮ ಬಿಸಿ ಉಪ್ಪುನೀರು ಲೋಟದಲ್ಲಿ ಕೊಟ್ಟು, "ಬಾಯಿಗೆ ಹಾಕ್ಕೊಂಡು ಗುಳುಗುಳು ಅನ್ನಿಸು" ಅಂತ ಹೇಳಿ ಒಲೆ ಕಡೆ ಹೋದ್ಲು. ಬೋರಲಿಂಗ ಹಾಕ್ಕೊಂಡ. ಗುಳುಗುಳು ಅನ್ನಿಸಿದ. ಉಗೀಲಿಲ್ಲ. ಅವ್ವ ಹೇಳಿರಲಿಲ್ಲವಲ್ಲ!

ಬಿಸಿಲೇರಿತು. ಮುದ್ದೀರಪ್ಪ ಬಂದ. ಜತೇಲಿ ಮಗಳು ದ್ಯಾವಿ. ಹುಡುಗಿ ಅಪ್ಪನಿಗೆ ಮೊದಲೇ ಹೇಳಿದ್ಲಂತೆ, ಗಂಡಿನ ಬಾಯಿ ನೋಡದೆ ನಾನು ಒಪ್ಪಲ್ಲ ಅಂತ. ಚಾಪೆ ಹಾಸಿದ್ರು. ಬೋರಲಿಂಗ ಎದುರಿಗೆ ಕೂತ. ಎರಡು ಕೆನ್ನೆಯೂ ಬೂರುಗದ ದಿಂಬು!

"ಏನಪ್ಪಾ ನಿನ್ನ ಹೆಸರು?"

"ಮ್ಮ್."

"ಎಷ್ಟು ಓದಿದ್ದೀಯಾ?"

"ಮ್ಮ್ ಮ್ಮ್."

"ಏನಮ್ಮಾ, ಮಾತು ಬರಲ್ವಾ ಹುಡುಗನಿಗೆ?"

ಮಾಳಮ್ಮನಿಗೆ ಆಗ ಹೊಳೀತು. ಕೈಲಿದ್ದ ತಟ್ಟೆ ಬಿಟ್ಟು ಕಿರುಚಿದ್ಲು: "ಉಗಿಯೋ!"

ಎಲ್ಲಿಗೆ ಅಂತ ಹೇಳಲಿಲ್ಲ. ಎದುರಿಗಿದ್ದೋನು ಮುದ್ದೀರಪ್ಪ. ಬೆಳಗಿಂದ ಕಟ್ಟಿಟ್ಟಿದ್ದ ನೀರು, ಮೀಸೆಯಿಂದ ಪಂಚೆವರೆಗೂ ತೋಯಿಸ್ತು!

"ಥೂ, ಉಪ್ಪು!" ಅಂದ ಮುದ್ದೀರಪ್ಪ. ಮಾಳಮ್ಮನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಅಷ್ಟರಲ್ಲಿ ಕಿಸಕ್ ಅಂತ ಸದ್ದು. ದ್ಯಾವಿ ಸೆರಗು ಕಚ್ಕೊಂಡು ನಗ್ತಾ ಅವಳೆ!

"ಅಪ್ಪಾ, ಇಲ್ಲೀವರೆಗೂ ನೋಡೋಕೆ ಬಂದ ಗಂಡುಗಳೆಲ್ಲ ನಮ್ಮ ಗೋಡೆಗೆ ಗುಟ್ಕಾ ಉಗಿದು ಹೋದ್ರು. ಉಪ್ಪುನೀರು ಉಗಿದೋನು ಇವನೊಬ್ಬನೇ."

"ನನ್ನ ಮುಖಕ್ಕೆ ಉಗಿದವ್ನಲ್ಲೇ!"

"ತೊಳ್ಕೊಂಡ್ರೆ ಹೋಗುತ್ತೆ. ಗೋಡೆದು ಇನ್ನೂ ಹೋಗಿಲ್ಲ."

ಮುದ್ದೀರಪ್ಪ ಮೀಸೆ ಒರೆಸ್ಕೊಂಡು, "ಯೋಚನೆ ಮಾಡಿ ಹೇಳ್ತೀವಿ" ಅಂತ ಎದ್ದ. ಅವರು ಅತ್ತ ಹೋಗಿದ್ದೇ, ಮಾಳಮ್ಮ ಮಗನ ಕಿವಿ ಹಿಂಡಿದ್ಲು.

"ಮಾನ ಕಳೆದ್ಯಲ್ಲೋ! ಇನ್ಮೇಲೆ ಯಾರು ಎದುರಿಗೆ ಬಂದ್ರೂ ಬಾಯಿ ಬಿಡಬೇಡ! ಹಲ್ಲು ಕಚ್ಕೊಂಡು ಕೂತ್ಕೋ!"

ಗಾಯ ಮಾಯ್ದ ಮೇಲೆ ಮತ್ತೆ ಡಾಕ್ಟ್ರಮ್ಮನ ಹತ್ರ ಹೋದ್ರು. "ಆ ಅನ್ನಪ್ಪ" ಅಂದ್ಲು ಡಾಕ್ಟ್ರಮ್ಮ. ಬೋರಲಿಂಗ ಹಲ್ಲು ಕಚ್ಕೊಂಡ. "ಆ ಅನ್ನೋ" ಅಂದ್ಲು. ಇನ್ನೂ ಗಟ್ಟಿಯಾಗಿ ಕಚ್ಕೊಂಡ. ನರ್ಸು ಗಲ್ಲ ಹಿಡಿದು ಎಳೆದ್ಲು, ಕಾಂಪೌಂಡರು ತಲೆ ಹಿಡಿದು ಎತ್ತಿದ, ಊಹೂಂ!

"ಏನಮ್ಮಾ, ನಿಮ್ಮ ಮಗನಿಗೆ ಹಲ್ಲು ತೋರಿಸೋಕೆ ನಾಚಿಕೆನಾ?"

"ಲೋ ಬೆಪ್ಪೇ, ಬಾಯಿ ತೆಗೆಯೋ! ನಾನು ಹೇಳಿದ್ದೆಲ್ಲ ಬಿಟ್ಹಾಕು! ಇನ್ಮೇಲೆ ಡಾಕ್ಟ್ರಮ್ಮ ಏನು ಹೇಳ್ತಾರೋ ಅದು ಮಾಡು, ಅಷ್ಟೇ!"

ಅವತ್ತು ಮಾಳಮ್ಮ ಆಡಿದ ಮಾತಲ್ಲಿ ಬುದ್ಧಿವಂತರ ಮಾತು ಅಂದ್ರೆ ಅದೊಂದೇ.

ಬಾಯಿ ತೆರೀತು. ಡಾಕ್ಟ್ರಮ್ಮ ಗುಂಯ್ ಅನ್ನೋ ಮಿಷನ್ನು ಹಿಡಿದು ಗಾರೆಯೆಲ್ಲ ಕೆರೆದು ತೆಗೆದ್ಲು. ಆಮೇಲೆ ಒಂದು ಮೆತ್ತನೆ ಬ್ರಷ್ಷು ಕೊಟ್ಟು ಕಲಿಸಿದ್ಲು. ಬ್ರಷ್ಷು ಒಸಡಿನ ಅಂಚಿಗೆ ಓರೆಯಾಗಿ ಇಡಬೇಕು. ಒತ್ತಬಾರ್ದು. ಸಣ್ಣಸಣ್ಣಗೆ ಸುತ್ತಿಸಬೇಕು. ಹೊರಗೆ, ಒಳಗೆ, ಮೂಲೇಲಿ, ಎಲ್ಲ ಕಡೆ. ಬೆಳಗ್ಗೆ ಒಂದ್ಸಲ, ಮಲಗೋ ಮುಂಚೆ ಒಂದ್ಸಲ. ಹಲ್ಲು ಹಲ್ಲಿನ ಸಂದೀಲಿ ದಾರ ಎಳೆದು ತೆಗೀಬೇಕು.

"ಮೊದಮೊದಲು ಸ್ವಲ್ಪ ರಕ್ತ ಬರುತ್ತೆ. ಬಂತು ಅಂತ ಬಿಡಬೇಡ. ಕ್ಲೀನಾದಷ್ಟೂ ಕಮ್ಮಿ ಆಗುತ್ತೆ."

"ಬಿಡಲ್ಲ ಡಾಕ್ಟ್ರಮ್ಮಾ."

"ನೀವೂ ಬನ್ನಮ್ಮಾ, ನಿಮ್ಮ ಬಾಯೂ ನೋಡ್ಬಿಡೋಣ."

ಮಾಳಮ್ಮ ಕತ್ತು ನೆಟ್ಟಗೆ ಮಾಡ್ಕೊಂಡ್ಲು. "ನನಗೇನಾಗ್ಯದೆ? ಒಂದು ತೊಟ್ಟು ರಕ್ತ ಬಂದಿದ್ದಿಲ್ಲ ನನ್ನ ಬಾಯಿಂದ!"

"ಬರಲ್ಲ. ಹೊಗೆಸೊಪ್ಪು ಹಾಕೋರಿಗೆ ರಕ್ತ ಕಾಣದೇ ಇದ್ರೂ ಒಳಗೊಳಗೇ ತಿಂದ್ಹಾಕಿರುತ್ತೆ" ಅಂದು ಡಾಕ್ಟ್ರಮ್ಮ ಮುಂದಿನ ಹಲ್ಲಿಗೆ ಒಂದು ಬೆರಳು ತಾಗಿಸಿದ್ಲು. ಹಲ್ಲು ತೊಟ್ಟಿಲು ತೂಗಿದಂಗೆ ತೂಗಿತು! "ನೋಡಿದ್ರಾ? ಇವತ್ತಿಂದ ಹೊಗೆಸೊಪ್ಪು ಬಿಡಿ."

"ಅದು ಬಿಟ್ರೆ ಪ್ರಾಣ ಬಿಟ್ಟಂಗೆ ಕಣಮ್ಮಾ. ನೀನಿನ್ನೂ ಸಣ್ಣೋಳು, ನಿನಗೇನು ಗೊತ್ತು" ಅಂತ ಮಾಳಮ್ಮ ಎದ್ದೇ ಬಿಟ್ಲು. ಬಾಗಿಲಿಗೆ ಬರೋಷ್ಟರಲ್ಲಿ ಸೊಂಟದ ಚೀಲದಿಂದ ಒಂದು ಚೂರು ದವಡೆಗೆ ಹೋಗಿತ್ತು.

ಡಾಕ್ಟ್ರಮ್ಮ ನಿಟ್ಟುಸಿರು ಬಿಟ್ಟು ಬೋರಲಿಂಗನಿಗೆ ಹೇಳಿದ್ಲು: "ನೀನಾದ್ರೂ ನಿಮ್ಮವ್ವನ ಹೊಗೆಸೊಪ್ಪು ಬಿಡಿಸಪ್ಪ."

"ಬಿಡಿಸ್ತೀನಿ ಡಾಕ್ಟ್ರಮ್ಮಾ."

ಮಾರನೇ ದಿನ ಮಾಳಮ್ಮ ಕಳೆ ಕೀಳೋಕೆ ಹೋಗಿದ್ಲು. ಮಧ್ಯಾಹ್ನ ಹಸ್ಕೊಂಡು ಬಂದ್ರೆ, ಆಹಾ, ಮಗ ಅಡುಗೆ ಮಾಡಿಟ್ಟವ್ನೆ! ಬಿಸಿ ಮುದ್ದೆ, ಸೊಪ್ಪಿನ ಸಾರು. ಅಪರೂಪಕ್ಕೆ ಕಣ್ಣು ತುಂಬ್ತು ಅವಳಿಗೆ. ತುತ್ತು ಮುರಿದು, ಸಾರಲ್ಲಿ ಅದ್ದಿ, ಬಾಯಿಗಿಟ್ಲು.

"ಥೂ! ಥೂ! ಥೂ!"

ನಾಲಿಗೆ ಉರೀತು, ತಲೆ ಗಿರ್ ಅಂತು, ಸೂರು ತಿರುಗ್ತು. ಅಂಗಳಕ್ಕೆ ಓಡಿ ಕಾರಿಕೊಂಡ್ಲು.

"ಯಾವ ಸೊಪ್ಪೋ ಇದು, ಪಾಪಿ!"

"ನಿಂದೇ ಕಣವ್ವಾ! ಹೊಗೆಸೊಪ್ಪು! ಡಾಕ್ಟ್ರಮ್ಮ ಬಿಡಿಸು ಅಂದ್ರು. ಕಟ್ಟು ಪೂರ್ತಿ ಬಿಡಿಸ್ದೆ, ಒಂದೊಂದೇ ಎಲೆ, ದಂಟು ಬೇರೆ ಸೊಪ್ಪು ಬೇರೆ. ಬಿಡಿಸಿದ ಸೊಪ್ಪು ಸಾರಿಗಲ್ದೆ ಇನ್ನೇನಕ್ಕೆ? ಬೇಳೆ ಚೆನ್ನಾಗಿ ಬೆಂದಿಲ್ವಾ?"

ಮಾಳಮ್ಮ ಸಾರನ್ನ ತಿಪ್ಪೆಗೆ ಸುರಿಸಿ, ಗೋಡೆಗೆ ಒರಗಿ ಕೂತ್ಲು. ಸಂಜೆ ಹೊತ್ತಿಗೆ ಹೊಟ್ಟೆ ಸುಧಾರಿಸ್ತು. ಅಭ್ಯಾಸ ಬಿಡುತ್ತಾ? ಪಕ್ಕದ ಮನೆಯೋಳ ಹತ್ರ ಒಂದು ಚೂರು ಹೊಗೆಸೊಪ್ಪು ಈಸ್ಕೊಂಡ್ಲು. ಮೂಗಿನ ಹತ್ರ ತಂದಿದ್ದೇ, ಮತ್ತೆ ಅಂಗಳಕ್ಕೆ ಓಡಿದ್ಲು. ಅವತ್ತಿಂದ ಅದರ ವಾಸನೆ ಬಂದ್ರೇ ಕರುಳು ಕಿತ್ಕೊಂಡು ಬರೋದು. ಊರೋರು ಬುದ್ಧಿ ಹೇಳಿ ಸೋತಿದ್ರು, ಡಾಕ್ಟ್ರಮ್ಮ ಹೇಳಿ ಸೋತಿದ್ಲು. ಈ ಪೆದ್ದ ಬೇಳೆ ಹಾಕಿ ಬೇಯಿಸಿ ಬಿಡಿಸಿದ!

ಹೊಗೆಸೊಪ್ಪೇನೋ ಹೋಯ್ತು, ಹಲ್ಲಿನ ಅಲ್ಲಾಟ ಹೋಗಬೇಕಲ್ಲ. ರೊಟ್ಟಿ ಮುರಿಯೋಕಾಗದು, ನೆಲಗಡಲೆ ಕಚ್ಚೋಕಾಗದು. ಇತ್ತ ಮಗನ್ನ ನೋಡ್ತಾಳೆ. ಮಲಗೋ ಮುಂಚೆ ಜಗಲಿ ಮೇಲೆ ಕೂತು ಬ್ರಷ್ಷು ಓರೆಯಾಗಿ ಹಿಡ್ಕೊಂಡು ಸಣ್ಣಸಣ್ಣಗೆ ಸುತ್ತಿಸ್ತಾನೆ. ಹೇಳಿದ್ದಕ್ಕಿಂತ ಒಂದು ಸುತ್ತೂ ಹೆಚ್ಚಿಲ್ಲ, ಒಂದು ಸುತ್ತೂ ಕಮ್ಮಿಯಿಲ್ಲ. ರಕ್ತ ನಿಂತದೆ. ನಾತ ಹೋಗ್ಯದೆ. ಒಸಡು ಮಾವಿನ ಚಿಗುರಿನ ಬಣ್ಣಕ್ಕೆ ಬಂದದೆ. ಊರಿನ ಬುದ್ಧಿವಂತೆಯ ಬಾಯಿ ಪಾಳು ಬಿದ್ದ ಕೋಟೆ, ಊರಿನ ಪೆದ್ದನ ಬಾಯಿ ಹೊಸ ಮನೆ!

ಕೊನೆಗೆ ತಾನೇ ಹೋಗಿ ಡಾಕ್ಟ್ರಮ್ಮನ ಕುರ್ಚಿ ಮೇಲೆ ಕೂತ್ಲು. ಒಂದು ಹಲ್ಲು ತೆಗೀಲೇಬೇಕು, ಉಳಿದವನ್ನ ಹುಷಾರಾಗಿ ನೋಡ್ಕೊಂಡ್ರೆ ಉಳಿಸಬಹುದು ಅಂದ್ಲು ಡಾಕ್ಟ್ರಮ್ಮ. ಅಂದು ಸುಮ್ಮನಾದ್ಲಾ? "ಮೊದಲೇ ಹೇಳಿದ್ರೆ ಕೇಳಬಾರದಾ? ಇಷ್ಟು ವಯಸ್ಸಾಗಿದೆ, ಇಷ್ಟೂ ತಿಳಿಯಲ್ವಾ?" ಅಂತ ಚೆನ್ನಾಗಿ ಬಯ್ದ್ಲು. ಬೈಸ್ಕೊಳ್ಳೋ ಕುರ್ಚಿ ಎಷ್ಟು ತಣ್ಣಗಿರುತ್ತೆ ಅಂತ ಮಾಳಮ್ಮನಿಗೆ ಅವತ್ತು ಗೊತ್ತಾಯ್ತು. ಬೋರಲಿಂಗ ಬಂದು ಅವ್ವನ ಕೈ ಹಿಡ್ಕೊಂಡ.

"ಹೆದರಬೇಡ ಕಣವ್ವಾ. ಆ ಅನ್ನು ಅಂದ್ರೆ ಆ ಅನ್ನು. ಅಷ್ಟೇಯ."

ಅವಳು ಆ ಅಂದ್ಲು.

ಆಮೇಲೆ ಮರಡಿಪುರದಿಂದ ಒಪ್ಪಿಗೆ ಬಂತು. ಅಪ್ಪನಿಗೆ ಮನಸ್ಸಿರಲಿಲ್ಲ, ಮಗಳು ಹಿಡಿದ ಹಟ ಬಿಡಲಿಲ್ಲ. "ಹೇಳಿದ್ದನ್ನ ಹೇಳಿದಂಗೆ ಮಾಡೋ ಗಂಡ ಯಾವೂರಲ್ಲಿ ಸಿಕ್ತಾನೆ ನಂಗೆ? ನಾನು ಸರಿಯಾಗಿ ಹೇಳಿದ್ರೆ ಆಯ್ತು" ಅಂದ್ಲಂತೆ. ಹೆಣ್ಣಿನ ಮನೇಲೇ ಮದುವೆ ಅಂತಾಯ್ತು.

ಮದುವೆಗೆ ಮುಂಚೆ ಬೋರಲಿಂಗ ಇನ್ನೊಂದ್ಸಲ ಹಲ್ಲು ತೋರಿಸಿ ಬಂದ. ಡಾಕ್ಟ್ರಮ್ಮ ಖುಷಿಪಟ್ಟು, "ಭೇಷ್! ಹಿಂಗೇ ಇಟ್ಕೋ. ಬ್ರಷ್ಷಿನ ಎಳೆ ಬಾಗಿದ ತಕ್ಷಣ ಬದಲಾಯಿಸ್ಕೋ, ಬಾಗಿದ್ದರಲ್ಲಿ ಉಜ್ಜಬೇಡ. ಮೆತ್ತನೇದೇ ಆಗಬೇಕು" ಅಂದ್ಲು. "ಆಯ್ತು ಡಾಕ್ಟ್ರಮ್ಮಾ" ಅಂದ.

ಹಿಂದಿನ ದಿನವೇ ಗಂಡಿನ ಕಡೆಯೋರು ಮರಡಿಪುರಕ್ಕೆ ಹೋಗಿ ಇಳ್ಕೊಂಡ್ರು. ಮದುವೆ ಬೆಳಗ್ಗೆ ಬೋರಲಿಂಗ ಎಲ್ಲರಿಗಿಂತ ಮುಂಚೆ ಎದ್ದ. ಬಚ್ಚಲಿಗೆ ಹೋದ. ತನ್ನ ಬ್ರಷ್ಷು ನೋಡ್ಕೊಂಡ. ಎಳೆ ಬಾಗಿತ್ತು! ಬಚ್ಚಲ ಗೂಡಲ್ಲಿ ನೆಂಟರಿಷ್ಟರ ಬ್ರಷ್ಷೆಲ್ಲ ಸಾಲಾಗಿ ನಿಂತಿದ್ವು.

ಬಿಸಿಲು ಬರೋ ಹೊತ್ತಿಗೆ ಮನೆ ತುಂಬ ಜನ ಬಾಯಿ ತುಂಬ ನೊರೆ ಮಾಡ್ಕೊಂಡು ಓಡಾಡ್ತಾ ಇದ್ರು. ಮುದ್ದೀರಪ್ಪ ಬ್ರಷ್ಷು ಬಾಯಿಂದ ತೆಗೆದು ಬೆಳಕಿಗೆ ಹಿಡಿದು ನೋಡ್ದ.

"ಇದೇನಿದು! ಮದುವೆಗೆ ಅಂತ ನೆನ್ನೆ ತಂದ ಹೊಸ ಬ್ರಷ್ಷು, ಬೆಳಗಾಗೋದ್ರೊಳಗೆ ಮುದುಕ ಆಗ್ಯದಲ್ಲ!"

"ಮಾವ, ಅದು ನಂದು" ಅಂದ ಬೋರಲಿಂಗ, ಬಲು ಹೆಮ್ಮೆಯಿಂದ. "ಬದಲಾಯಿಸ್ಕೊಂಡೆ."

ಮುದ್ದೀರಪ್ಪ ಉಗಿದ ಉಗಿತಕ್ಕೆ ಚಪ್ಪರದ ತೋರಣ ನೆನೀತು. ಮಾಳಮ್ಮ ಓಡಿ ಬಂದ್ಲು.

"ಅಯ್ಯೋ ಬೆಪ್ಪೇ! ಅವರ ಬ್ರಷ್ಷು ಅವರಿಗೆ ಕೊಡೋ!"

"ಅದು ನನ್ನ ಹತ್ರ ಎಲ್ಲದೆ ಅವ್ವಾ? ಮಾವಂದು ಗಟ್ಟಿ ಇತ್ತು, ಅದನ್ನ ಚಿಕ್ಕಮಾವಂದಕ್ಕೆ ಬದಲಾಯಿಸ್ದೆ. ಅದೂ ಗಟ್ಟಿ. ಅದನ್ನ ಅತ್ತೇದಕ್ಕೆ, ಅತ್ತೇದನ್ನ ಪುರೋಹಿತರದ್ದಕ್ಕೆ..."

ಉಜ್ಜೋರ ಕೈಯೆಲ್ಲ ನಿಂತ್ಬಿಟ್ಟವು. ಅತ್ತೆ ಪುರೋಹಿತರನ್ನ ನೋಡಿದ್ಲು. ಪುರೋಹಿತರು ಚಿಕ್ಕಮಾವನ್ನ ನೋಡಿದ್ರು. ಚಿಕ್ಕಮಾವ ತನ್ನ ಕೈಲಿದ್ದ ಬ್ರಷ್ಷು ನೋಡ್ಕೊಂಡ. ಆಮೇಲೆ ಎಲ್ಲ ಒಟ್ಟಿಗೆ ಬಚ್ಚಲಿಗೆ ನುಗ್ಗಿದ್ರು ನೋಡಿ, ಬಾಗಿಲು ಕಿತ್ತು ಬಂತು! "ಮುಹೂರ್ತ ಮೀರುತ್ತೆ!" ಅಂತ ಪುರೋಹಿತರು ಕೂಗ್ತಾ ಕೂಗ್ತಾನೇ ಬಾಯಿ ಮುಕ್ಕಳಿಸಿದ್ರು.

ಆ ಗದ್ದಲದಲ್ಲಿ ಧಾರೆ ಸೀರೆ ಉಟ್ಟಿದ್ದ ದ್ಯಾವಿ ಹೊರಗೆ ಬಂದ್ಲು. ಬ್ರಷ್ಷು ಮುಷ್ಟೀಲಿ ಬಿಗಿಯಾಗಿ ಹಿಡ್ಕೊಂಡಿದ್ಲು.

"ನಂದು ಮುಟ್ಟಿಲ್ಲ ತಾನೆ ನೀನು?"

"ಛೇ ಛೇ, ನಿಂದು ಬದಲಾಯಿಸೇ ಇಲ್ಲ" ಅಂದ ಬೋರಲಿಂಗ. "ಉಜ್ಜಿ ನೋಡ್ದೆ, ಎಲ್ಲರದ್ದಕ್ಕಿಂತ ಗಟ್ಟಿ. ಅಲ್ಲೇ ಮಡಗ್ಬಿಟ್ಟೆ."

ದ್ಯಾವಿ ಬಾಸಿಂಗದ ಹಣೆ ಚಚ್ಚಿಕೊಂಡ್ಲು. ಬಾಯಿ ಮುಕ್ಕಳಿಸಿದ್ಲು. ಆಮೇಲೆ ಹೋಗಿ ತಾಳಿ ಕಟ್ಟಿಸ್ಕೊಂಡ್ಲು.